ಎರಡನೆಯ ಅರ್ಜಿ

ಯಾರ ಮನೆಗೆ ಹೋದರೂ ಅವರು ಮೊದಲು ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಕುರ್ಚಿ ಒಲ್ಲೆನೆಂದು, ಮೊಣಕಾಲು ಮುಚ್ಚುವ ಬೂದುಬಣ್ಣದ ಗಂಡಸರ ಕೋಟಿನ ಅಂಚನ್ನೆತ್ತಿ ಹಿಡಿದು, ಮಗುವಿನ ಎತ್ತರಕ್ಕೆ ಕಣ್ಣಿಳಿಸಿ, ಗೋಡೆಗಳ ಕೆಳಭಾಗವನ್ನು ಶಾಸನದಂತೆ ಓದುವುದೇ ಅವರ ತನಿಖೆಯ ಪದ್ಧತಿ. ಅಂಗವಿಕಲ ಮಕ್ಕಳಿಗೆ ಮಾಸಾಶನ ಮಂಜೂರು ಮಾಡುವ ನಮ್ಮ ಕಚೇರಿಯಲ್ಲಿ ಅವರು ಹಿರಿಯ ತನಿಖಾಧಿಕಾರಿ. ಎಲ್ಲರ ಬಾಯಲ್ಲಿ ಕೋಟಿನಕ್ಕ. ನಾನು ಸಂಬಳದ ದಿನ ಮಾತ್ರ ಚುರುಕಾಗುವ ಗುಮಾಸ್ತ.

ಆ ವರ್ಷ ಅರ್ಜಿಗಳು ಇಮ್ಮಡಿಯಾದವು. ಏಕೆಂದು ವರದಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಮೇಲಿನವರಿಗೆ ಬೇಕಿದ್ದುದು ಮೋಸ. ನಾನು ಮೊದಲ ವಾರವೇ ಹಿಡಿದೆ. ಒಂದೇ ವಿಳಾಸ, ಒಂದೇ ತಾಯಿ, ಒಂದೇ ಜನ್ಮದಿನ, ಎರಡು ಅರ್ಜಿ: ಒಂದು ತಾಯಿಯದು, ಇನ್ನೊಂದು ಆಸ್ಪತ್ರೆಯ ನರ್ಸ್ ಕಳಿಸಿದ್ದು. ಎರಡನೆಯದಕ್ಕೆ ‘ನಕಲು’ ಎಂದು ಮೊಹರು ಒತ್ತಿ ಅಕ್ಕನ ಮೇಜಿಗೊಯ್ದೆ.

“ಹೆಸರು ಬೇರೆ ಇದೆಯಲ್ಲೋ?”

“ಮನೇಲಿ ಕರೆಯೋ ಹೆಸರಿರುತ್ತಕ್ಕ.”

“ನಿನ್ನನ್ನ ಮನೇಲಿ ಏನಂತಾರೆ?”

“ಬೃಹಸ್ಪತಿ.”

“ಪಾಪ, ಅಣಕಕ್ಕೇ ಇಟ್ಟಿದಾರೆ. ನಡಿ, ನೋಡ್ಕೊಂಡು ಬರೋಣ.”

ನಡುಹಗಲು. ಕಿಟಕಿಯ ಪಕ್ಕ ಹಾಸಿಗೆಯಲ್ಲಿ ಆರು ವರ್ಷದ ಹುಡುಗಿ, ಸೂರನ್ನೇ ನೋಡುತ್ತಿದ್ದಳು. “ಇವಳೊಬ್ಬಳೇ,” ಎಂದಳು ತಾಯಿ, ನಾವು ಕೇಳುವ ಮೊದಲೇ. ಅಕ್ಕ ಕುಕ್ಕರಿಸಿದರು. ನೆಲದಿಂದ ಒಂದೂವರೆ ಮೊಳ ಮೇಲೆ, ಅಂಗೈ ಜಿಡ್ಡಿನ ಕಪ್ಪು ಗೆರೆಯೊಂದು ಗೋಡೆಯುದ್ದಕ್ಕೂ ಸಾಗಿ, ಮುಚ್ಚಿದ ಒಳಕೋಣೆಯ ಬಾಗಿಲಲ್ಲಿ ಮುಗಿದಿತ್ತು.

“ಇವಳು ಹಾಸಿಗೆ ಬಿಟ್ಟು ಏಳಲ್ಲ. ಈ ಗೆರೆ ಯಾರದ್ದಮ್ಮಾ?”

ಅಕ್ಕ ಅದೇ ಎತ್ತರದಲ್ಲಿ ಬಾಗಿಲನ್ನು ಮೂರು ಸಲ ತಟ್ಟಿದರು. ಆಮೇಲೆ ಒಳಗಿನಿಂದ, ಅದೇ ಎತ್ತರದಲ್ಲಿ, ಮೂರು ಸಲ. ಹಾಸಿಗೆಯ ಹುಡುಗಿ ಸೂರಿನಿಂದ ಕಣ್ಣು ಕೀಳದೆ ನಕ್ಕಳು.

ಬಾಗಿಲು ತೆರೆದಾಗ ಹಾಸಿಗೆಯ ಹುಡುಗಿಯದೇ ಮುಖ, ಏನನ್ನೂ ಕಾಣದ ಕಣ್ಣುಗಳೊಡನೆ, ಗೋಡೆ ಸವರುತ್ತ ಹೊರಬಂತು.

“ಒಂದಾದ್ರೆ ಜನ ಅಯ್ಯೋ ಪಾಪ ಅಂತಾರಕ್ಕ,” ಎಂದಳು ತಾಯಿ. “ಎರಡಾದ್ರೆ ನಮ್ಮ ಮೇಲೇ ಬೆರಳು ತೋರಿಸ್ತಾರೆ.”

ಮೊಹರು ಬಿದ್ದ ಅರ್ಜಿಗೆ, ಒತ್ತಿದವನೇ ತಪ್ಪೊಪ್ಪಿ ಬರೆಯದ ಹೊರತು ಮರುಜೀವವಿಲ್ಲ. ಅಕ್ಕ ಪೆನ್ನು ಚಾಚಿದರು. ಬಡ್ತಿಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟು ಬರೆದೆ. ಆ ತಿಂಗಳ ಏರಿಕೆಯಲ್ಲಿ ಒಳಕೋಣೆಯ ಹುಡುಗಿಯೂ ಒಂದು ಅಂಕಿಯಾದಳು.

ಅಕ್ಕನಂಥವರು ಇರುವ ಕಚೇರಿಗಳಲ್ಲಿ ಅಂಕಿ ಏರುತ್ತಲೇ ಇರುತ್ತದೆ. ಅವರು ನಿವೃತ್ತರಾದ ವರ್ಷ ಅದು ತಣ್ಣಗೆ ಇಳಿಯುತ್ತದೆ. ಮಕ್ಕಳ ಆರೋಗ್ಯ ಸುಧಾರಿಸಿತೆಂದು ನಮ್ಮಂಥವರು ವರದಿ ಬರೆಯುತ್ತೇವೆ.