ಬದುಕಿದ್ದವಳಿಗೆ ಬಿಟ್ಟ ನೀರು

“ಪುತ್ರೀಂ ಶ್ರೀರಮಾಂ ತರ್ಪಯಾಮಿ” ಎಂದು ಗಣಪತಿ ಭಟ್ಟರು ಎಳ್ಳುನೀರು ಬಿಟ್ಟರು. ಹೆಬ್ಬೆರಳ ಸಂದಿನಿಂದ ಇಳಿದ ನೀರು ಕಾಶಿಯ ಕೇದಾರಘಾಟಿನ ಮೆಟ್ಟಿಲ ಮೇಲೆ ಸಣ್ಣಗೆ ಹರಿಯಿತು. ಹಿಂದೆ ನಿಂತಿದ್ದ ಮಗಳು ಶ್ರೀರಮಾ ತನ್ನ ಹೆಸರನ್ನು ತಾನೇ ಕೇಳಿಸಿಕೊಂಡಳು.

ಪಿತೃಪಕ್ಷ. ಕರ್ನಾಟಕದ ಯಾತ್ರಿಕರಿಗೆ ತರ್ಪಣ ಮಾಡಿಸಿ ಕಳಿಸಿದ ಮೇಲೆ ಭಟ್ಟರು ತಮ್ಮ ಮನೆಯಲ್ಲಿ ತೀರಿಕೊಂಡವರಿಗೆ ನೀರು ಬಿಡುವುದು ವಾಡಿಕೆ. ತಂದೆ, ತಾಯಿ, ಹೆಂಡತಿ ಅನಂತಲಕ್ಷ್ಮಿ. ಅಲ್ಲಿಗೆ ಮುಗಿಯಬೇಕಿತ್ತು.

ಮಾಲ್ಡೀವ್ಸಿನ ಒಂದು ದ್ವೀಪದ ಶಾಲೆ ಶ್ರೀರಮಾಳನ್ನು ಟೀಚರಾಗಿ ಕರೆದಿತ್ತು. ಇವತ್ತೇ ಒಪ್ಪಿಗೆ ತಿಳಿಸಬೇಕು. ಅಪ್ಪನ ಬಾಯಿಂದ ಹೂಂ ಎಂಬ ಒಂದು ಮಾತು ಬರದೆ ಹೋಗಲು ಅವಳಿಗೆ ಮನಸ್ಸಿಲ್ಲ. ಇಲ್ಲಿ ಶಾಲೆಯಿಲ್ಲವೇ, ಮಕ್ಕಳಿಲ್ಲವೇ ಎಂದಷ್ಟೇ ಅವರು ಕೇಳಿದ್ದರು. ಶಾಲೆಯೇನೋ ಇತ್ತು. ಪ್ರತಿ ಬೇಸಿಗೆಗೆ ಅವಳನ್ನು ತೆಗೆಯುತ್ತಿದ್ದರು, ರಜೆ ಮುಗಿದ ಮೇಲೆ ಹೊಸಬಳೆಂದು ಸೇರಿಸಿಕೊಳ್ಳುತ್ತಿದ್ದರು. ಈ ಸಲ ಶಾಲೆಯ ಗ್ರೂಪ್ ಫೋಟೋಗೆ ಎಲ್ಲರೂ ನಿಂತಾಗ ಪ್ರಿನ್ಸಿಪಾಲರು, ನೀವು ಸ್ಟಾಫಿನಲ್ಲಿ ಇಲ್ಲ ಮೇಡಂ, ಸ್ವಲ್ಪ ಆಚೆ ಬನ್ನಿ ಎಂದು ನಗುತ್ತಲೇ ಹೇಳಿದ್ದರು.

“ಅಪ್ಪಾ, ನನ್ನ ಹೆಸರು ಹೇಳಿದ್ರಿ.”

ಭಟ್ಟರು ತಿರುಗಲಿಲ್ಲ. “ಬಾಯಿಗೆ ಬಂತು” ಎಂದರು. ಆಮೇಲೆ ನೀರನ್ನೇ ನೋಡುತ್ತ, “ನಿನ್ನೆನೂ ಹೀಗೇ ಬಂದಿತ್ತು ಕಣೆ.”

ದಿನವೂ ದೀದಿ ಎಂದು ಮಾತಾಡಿಸುವ ದೋಣಿಯವನು ಹತ್ತಿರ ಬಂದ. ಅವಳನ್ನು ದಾಟಿ ನೋಡಿ, ಹಿಂದಿನ ಖಾಲಿ ಮೆಟ್ಟಿಲಿಗೆ, “ಪಾರ್ ಚಲೇಂಗೇ?” ಎಂದು ಆಚೆ ದಡಕ್ಕೆ ಬರುತ್ತೀರಾ ಎಂಬಂತೆ ಕೇಳಿದ. ಉತ್ತರಕ್ಕೆ ಕಾದವನಂತೆ ಒಂದಿಷ್ಟು ಹೊತ್ತು ನಿಂತು ಹೊರಟುಹೋದ. ಶ್ರೀರಮಾ ತಿರುಗಿ ನೋಡಲಿಲ್ಲ.

“ಇದಕ್ಕೇನು ಮಾಡೋದು ಅಪ್ಪಾ?”

“ಬದುಕಿದ್ದೋರಿಗೆ ನೀರು ಬಿಟ್ಟರೆ ಮತ್ತೆ ಹುಟ್ಟಿಸಬೇಕು. ನಾಮಕರಣ ಆಗಬೇಕು.”

“ಆದಮೇಲೆ ಹೋಗಲಾ?”

ಅವರು ಜನಿವಾರವನ್ನು ಎಡಭುಜಕ್ಕೆ ಸರಿಸಿಕೊಂಡರು. “ಹೊಸದಾಗಿ ಹುಟ್ಟಿದೋಳನ್ನ ತಡೆಯೋಕೆ ನಾನ್ಯಾರು. ಮುಳುಗಿ ಬಾ, ಹೋಗು.”

ಅವಳು ಫೋನನ್ನು ಮೆಟ್ಟಿಲ ಮೇಲಿಟ್ಟು, ಉಟ್ಟ ಬಟ್ಟೆಯಲ್ಲೇ ಮುಳುಗಿ ಬಂದಳು. ಅಪ್ಪನ ಕಾಲ ಬಳಿ ಕುಳಿತು ಹೆಸರಿಗಾಗಿ ಬಲಗಿವಿ ಕೊಟ್ಟಳು. ನಾಮಕರಣದಲ್ಲಿ ಮಗುವಿಗೆ ಹಿಡಿಯುವಂತೆ ಅವರು ಅಂಗೈ ಮರೆ ಮಾಡಿ ಬಗ್ಗಿದರು. ಉಸಿರು ಕಿವಿಗೆ ತಾಕಿತು. ತುಟಿ ಅಲುಗುವುದೂ ಗೊತ್ತಾಯಿತು. ನೀರು ಬಿಡುವಾಗ ತಾನಾಗಿ ಬಾಯಿಗೆ ಬಂದಿದ್ದ ಹೆಸರು ಈಗ ಮಾತ್ರ ಬರಲಿಲ್ಲ.

ಕೂದಲಿನಿಂದ ನೀರು ಇಳಿಯುತ್ತಿತ್ತು. ಅವಳು ಕತ್ತು ಎತ್ತದೆ ಕಾದಳು.