ಗುಡಿಸಿ ಹಾಕಿದ ಮೊದಲ ಪತ್ರ

ಟೈಲರಮ್ಮ ಅಂಗಡಿ ಮುಚ್ಚುವ ಮುನ್ನ ದಿನವೂ ಎರಡು ಕಸ ತೆಗೆಯುತ್ತಿದ್ದರು. ಮೊದಲು ಮಿಷನ್ನಿನ ಕೆಳಗಿನ ದಾರ, ಬಟ್ಟೆಚೂರು. ಆಮೇಲೆ ಫೋನಿನಲ್ಲಿರುವ ಇ-ಮೇಲ್. ಗಿರಾಕಿಗಳದ್ದು ಉಳಿಯುತ್ತಿತ್ತು, ಗುರುತಿಲ್ಲದ್ದೆಲ್ಲ ಹೋಗುತ್ತಿತ್ತು.

ಮೂಲೆಯ ಸ್ಟೂಲಿನಲ್ಲಿ ಕುಳಿತು ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕುವುದು ಅತ್ತೆಯ ಕೆಲಸ. ಅತ್ತೆಗೆ ಉಬ್ಬಸ. ಕ್ಲಿನಿಕ್ಕಿನ ನರ್ಸ್ ಇಂಥ ರೋಗಿಗಳ ಮನೆಯವರಿಗೆ ವಾರಕ್ಕೊಂದು ಪತ್ರವನ್ನು ಇ-ಮೇಲಿನಲ್ಲಿ ಕಳಿಸುತ್ತಿದ್ದರು. ಟೈಲರಮ್ಮನೂ ತಮ್ಮ ವಿಳಾಸ ಬರೆದುಕೊಟ್ಟು ಬಂದಿದ್ದರು.

ಅದೇ ಸಂಜೆ ಒಂದು ಮೇಲ್ ಬಂತು. 'ನೋಂದಣಿ ದೃಢೀಕರಿಸಿ' ಎಂಬ ಒಂದೇ ಸಾಲು, ಕೆಳಗೊಂದು ನೀಲಿ ಲಿಂಕ್. ಸಿಕ್ಕಿದ್ದನ್ನೆಲ್ಲ ಒತ್ತಿದರೆ ಫೋನೇ ಕಂಡವರ ಪಾಲಾಗುತ್ತದೆ ಎಂದು ನಾದಿನಿ ಹೆದರಿಸಿದ್ದು ನೆನಪಾಯಿತು. ಟೈಲರಮ್ಮ ಅದನ್ನೂ ಗುಡಿಸಿ ಹಾಕಿದರು.

ಎರಡು ವಾರದ ನಂತರ ನರ್ಸ್ ಎಲ್ಲರಿಗೂ ತುರ್ತು ಪತ್ರ ಕಳಿಸಿದರು. ಈಚೆಗೆ ಕೊಟ್ಟ ಕೆಲವು ಇನ್‌ಹೇಲರ್‌ಗಳಲ್ಲಿ ಔಷಧಿ ಸರಿಯಾಗಿ ಹೊರಬರುತ್ತಿಲ್ಲ, ತಂದು ಬದಲಿಸಿಕೊಳ್ಳಿ ಎಂದು. ಟೈಲರಮ್ಮನಿಗೆ ಅದು ಬರಲಿಲ್ಲ. ಅತ್ತೆಯ ಇನ್‌ಹೇಲರೂ ಅಂಥದ್ದೇ; ಆರು ದಿನ ಬರೀ ಗಾಳಿ ಎಳೆದರು. ಏಳನೆಯ ದಿನ ಕೈಯಲ್ಲಿದ್ದ ಸೂಜಿ ಜಾರಿತು. ತುಟಿ ನೀಲಿಗಟ್ಟಿತ್ತು.

ಆಸ್ಪತ್ರೆಯ ವಾರ್ಡಿನಲ್ಲಿ ಇನ್ನೊಬ್ಬ ರೋಗಿಯ ಮನೆಯವರಿಂದ ಆ ಪತ್ರದ ವಿಷಯ ತಿಳಿದು ಟೈಲರಮ್ಮ ನೇರ ಕ್ಲಿನಿಕ್ಕಿಗೆ ಹೋದರು.

"ಎಲ್ರಿಗೂ ತಿಳಿಸಿದ್ರಂತೆ. ನಮ್ಮತ್ತೆ ಉಸಿರು ಉಸಿರಲ್ವಾ ಸಿಸ್ಟರ್?"

ನರ್ಸ್ ಪಟ್ಟಿ ತೆಗೆದರು. ಟೈಲರಮ್ಮನ ವಿಳಾಸದ ಮುಂದೆ 'ಒಪ್ಪಿಗೆ ಬಂದಿಲ್ಲ' ಎಂದಿತ್ತು. ಫೋನಿನ ಕಸದ ಬುಟ್ಟಿಯಲ್ಲಿ ಆ ಮೊದಲ ಮೇಲ್ ಇನ್ನೂ ಬಿದ್ದಿತ್ತು.

"ಒಂದಕ್ಷರ ತಪ್ಪಿದ್ರೂ ನಿಮ್ಮ ಮನೆ ವಿಷಯ ಯಾರದೋ ಕೈಗೆ ಹೋಗತ್ತಮ್ಮ. ಅದಕ್ಕೇ ವಿಳಾಸ ನಿಮ್ಮದೇನಾ ಅಂತ ಮೊದಲು ಕೇಳೋದು. ನೀವು ಹೂಂ ಅನ್ನೋವರೆಗೂ ನಾವು ಕಳಿಸೋಹಾಗಿಲ್ಲ."

"ಕಳ್ಳರೂ ಹೀಗೇ ಕಳಿಸ್ತಾರಲ್ಲ, ನನಗೇನು ಗೊತ್ತು?"

ನರ್ಸ್ ಆ ಒಂದೇ ಸಾಲಿನ ಮೇಲನ್ನು ಮತ್ತೆ ಓದಿದರು. ನಾವು ಯಾರೆಂದು ನಾನೂ ಬರೆದಿರಲಿಲ್ಲ, ತಪ್ಪು ನನ್ನದೂ ಇದೆ ಎಂದರು. ಅಲ್ಲೇ ಕುಳಿತು ಮೊದಲ ಪತ್ರವನ್ನು ಬದಲಿಸಿ ಟೈಲರಮ್ಮನಿಗೆ ಕಳಿಸಿದರು:

'ನಮಸ್ಕಾರ. ನಾನು ಕ್ಲಿನಿಕ್ಕಿನ ನರ್ಸ್. ನಮ್ಮ ಕೌಂಟರಿನಲ್ಲಿ ನೀವು ಈ ವಿಳಾಸ ಬರೆದುಕೊಟ್ಟಿದ್ದೀರಿ. ಹೌದಾದರೆ ಕೆಳಗೆ ಒತ್ತಿ. ಪಾಸ್‌ವರ್ಡ್, ಒಟಿಪಿ, ಹಣ ಯಾವುದನ್ನೂ ಕೇಳುವುದಿಲ್ಲ. ಬರೆದುಕೊಟ್ಟಿಲ್ಲವಾದರೆ ಒತ್ತಬೇಡಿ.'

ಟೈಲರಮ್ಮ ಎರಡು ಸಲ ಓದಿ ಒತ್ತಿದರು. ವಾರ್ಡಿಗೆ ಮರಳಿ ಎಲ್ಲವನ್ನೂ ಅತ್ತೆಗೆ ಹೇಳಿದರು. ಅತ್ತೆ ಮುಖದ ಮಾಸ್ಕ್ ಸರಿಸಿದರು.

"ಇನ್ನೊಂದು ದಿನ ಬಿಟ್ಟಿದ್ರೆ ನನ್ನನ್ನೂ ಗುಡಿಸಿ ಹಾಕ್ತಿದ್ದೆ ಕಣೇ."

ನಗಲು ಹೋಗಿ ಕೆಮ್ಮು ಬಂತು. ಸೊಸೆ ನಗಲಿಲ್ಲ.

ಅತ್ತೆ ಈಗ ಮನೆಯಲ್ಲಿದ್ದಾರೆ. ಎರಡು ಕಾಜಾ ಹಾಕುವಷ್ಟರಲ್ಲಿ ದಣಿಯುತ್ತಾರೆ. ಮೂಲೆಯ ಸ್ಟೂಲು ಹೆಚ್ಚಿನ ದಿನ ಖಾಲಿ.

ಓದುತ್ತಿರುವ ಅಕ್ಕ, ಅಣ್ಣ, ನೀವೂ ಎಲ್ಲಾದರೂ ವಿಳಾಸ ಬರೆದುಕೊಟ್ಟಿದ್ದೀರಾ? ಹಾಗಿದ್ದರೆ ಮೊದಲ ಪತ್ರ ಬಂದೇ ಬರುತ್ತದೆ ಎಂದು ಕಾಯಿರಿ. ಕಳಿಸಿದವರು ಯಾರೆಂದು ನೋಡಿ. ಅನುಮಾನವಿದ್ದರೆ ಒತ್ತಬೇಡಿ, ಅಳಿಸಲೂ ಬೇಡಿ, ವಿಳಾಸ ಕೊಟ್ಟ ಕಡೆಗೇ ಹೋಗಿ ಕೇಳಿ. ಪತ್ರ ಕಾಣದಿದ್ದರೆ ಸ್ಪ್ಯಾಮ್ ತೆರೆಯಿರಿ, ಕಸದ ಬುಟ್ಟಿಯನ್ನೂ ತೆರೆಯಿರಿ. ನಿಮ್ಮ ಮನೆಯವರ ಉಸಿರು ಅಲ್ಲಿ ಬಿದ್ದಿರಬಹುದು.