ಕೆನೆ ಬಾರದ ಹಾಲು

ಮುಮ್ತಾಜಬಿಗೆ ಸೊಸೆಯ ಬಗ್ಗೆ ಇದ್ದದ್ದು ಒಂದೇ ತಕರಾರು: ಆಕೆಯ ಹಾಲಿಗೆ ಕೆನೆ ಬರುವುದಿಲ್ಲ. ಬಾಣಂತಿಯ ಮುಖಕ್ಕೆ ಅದನ್ನು ಹೇಳುವಷ್ಟು ಕಲ್ಲು ಮನಸ್ಸಿನವಳಲ್ಲವಾದ್ದರಿಂದ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು.

ಸೊಸೆ ದಿಲನಾಜ ಹಾವೇರಿಯಲ್ಲಿ ವಕೀಲ ವಿರೂಪಾಕ್ಷಪ್ಪನವರ ಆಫೀಸಿನ ಟೈಪಿಸ್ಟ್. ಮಗಳು ಮುಸರತಳಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಮತ್ತೆ ಕೆಲಸಕ್ಕೆ ಹೊರಟಿದ್ದಳು. ಬೆಳಿಗ್ಗೆ ಎಂಟಕ್ಕೆ ಬ್ಯಾಡಗಿ ಬಿಟ್ಟರೆ ಮನೆ ಸೇರುವಾಗ ಸಂಜೆ ಆರೂವರೆ. ನಡುವೆ ಎರಡು ಸಲ, ಹಳೇ ಕೇಸುಗಳ ಕಟ್ಟುಗಳನ್ನು ಒಟ್ಟಿದ್ದ ಕೋಣೆಗೆ ಹೋಗಿ, ಅಗಳಿ ಹಾಕಿಕೊಂಡು, ಕೈಯಿಂದ ಒತ್ತುವ ಪಂಪಿನಲ್ಲಿ ಹಾಲು ತೆಗೆದು ಸಣ್ಣ ಬಾಟಲಿಗಳಿಗೆ ತುಂಬುವಳು. ಜೊತೆಗೆ ಕೆಲಸ ಮಾಡುವ ಭುವನಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬಂದ ಕಕ್ಷಿದಾರರಿಗೆಲ್ಲ "ಒಳಗ ಫೈಲ್ ಹುಡಕಾಕತ್ತಾರ್ರಿ, ಸ್ವಲ್ಪ ಕುಂದ್ರಿ" ಎನ್ನುವಳು. ಆ ಹಾಲು ಐಸ್ ಡಬ್ಬಿಯಲ್ಲಿ ಊರಿಗೆ ಬಂದು, ರಾತ್ರಿ ಫ್ರಿಜ್ಜಿನಲ್ಲಿದ್ದು, ಮರುದಿನ ಅಜ್ಜಿಯ ಕೈಯಿಂದ ಮೊಮ್ಮಗಳ ಹೊಟ್ಟೆ ಸೇರಬೇಕು.

ಸೇರುತ್ತಿರಲಿಲ್ಲ, ಅದೇ ಕಷ್ಟ. ಹಾಲು ತುಂಬಿದ ಒಳಲೆಯ ಮೂತಿ ತುಟಿಗೆ ತಾಗಿದರೆ ಸಾಕು, ಮುಸರತ ಹುಣಸೆಕಾಯಿ ಕಚ್ಚಿದವಳ ಹಾಗೆ ಮುಖ ಕಿವುಚಿ ಎಲ್ಲವನ್ನೂ ಉಗುಳಿಬಿಡುವಳು. ಬಾಯಿಗೆ ಹೋದದ್ದಕ್ಕಿಂತ ಮೈಮೇಲಿನ ಜಬಲಾಕ್ಕೆ ಇಳಿದದ್ದೇ ಹೆಚ್ಚು. ಮುಮ್ತಾಜಬಿ ಹಾಡಿ ನೋಡಿದಳು, ಅಂಗಳದ ಕೋಳಿ ತೋರಿಸಿ ನೋಡಿದಳು, ಪುಸಲಾಯಿಸಿ ಸುಸ್ತಾದಳು. ಹೀಗೆ ಹನ್ನೆರಡು ದಿನ ಕಳೆದವು.

ಶುಕ್ರವಾರ ಸಂಜೆ ದಿಲನಾಜ ಬಂದು ಕೂಡುವುದೇ ತಡ, ಕೂಸು ಎದೆಗೆ ಬಿದ್ದು ಗಬಗಬ ಕುಡಿಯತೊಡಗಿತು. ಅದರ ಆತುರ ನೋಡಿ ತಾಯಿಯ ಕಣ್ಣಲ್ಲಿ ನೀರು ಬಂತು.

"ಸೋಮವಾರ ಸಾಹೇಬ್ರಿಗೆ ಹೇಳಿ ಬಿಟ್ಟುಬಿಡ್ತೇನ್ರಿ ಅಮ್ಮೀ. ಕೂಸಿನ್ನ ಉಪವಾಸ ಹಾಕಿ ಎಂಥಾ ನೌಕರಿ ಮಾಡ್ಲಿ?"

ಬಿಡಬೇಡ ಎನ್ನಬೇಕೆನಿಸಿದರೂ ಮುಮ್ತಾಜಬಿ ಐಸ್ ಡಬ್ಬಿಯಿಂದ ಆ ದಿನದ ಬಾಟಲಿಗಳನ್ನು ತೆಗೆದು ಫ್ರಿಜ್ಜಿಗೆ ಸೇರಿಸತೊಡಗಿದಳು. ಮಗ ಅಬ್ರಾರ ಕೂಸಾಗಿದ್ದಾಗ ಆಕೆಯೂ ದುಡಿಯಲು ಹೋದವಳೇ, ಇದೇ ಊರಿನ ಒಂದು ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯಲು. ಮಧ್ಯಾಹ್ನವಾದರೆ ಎದೆ ಕಲ್ಲಾಗಿ ಕುಪ್ಪಸ ತೊಯ್ಯುತ್ತಿತ್ತು. ಗೋದಾಮಿನ ಹಿಂದೆ ಹೋಗಿ, ಎಷ್ಟು ತೊಳೆದರೂ ಖಾರ ಬಿಡದ ಕೈಯಿಂದ, ಉರಿಗೆ ಹಲ್ಲು ಕಚ್ಚಿಕೊಂಡು, ಬೇವಿನ ಮರದ ಬುಡಕ್ಕೆ ಹಿಂಡಿ ಬರುತ್ತಿದ್ದಳು. ಅತ್ತ ಮನೆಯಲ್ಲಿ ಅಬ್ರಾರ ಪಕ್ಕದ ಮನೆಯವರ ಆಡಿನ ಹಾಲು ಕುಡಿಯುತ್ತಿದ್ದ. ಅದೊಂದು ಸಂಕಟವನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಸೊಸೆ ಮೊದಲ ದಿನ ಹಾವೇರಿಯಿಂದ ಆ ಪುಟ್ಟ ಬಾಟಲಿ ತಂದಾಗ ಬಿಸ್ಮಿಲ್ಲಾ ಎಂದು ಎರಡೂ ಕೈಯಲ್ಲಿ ಇಸಿದುಕೊಂಡಿದ್ದಳು. ಒಂದು ಹನಿಯೂ ಹಾಳಾಗಬಾರದು ಎಂಬ ಹಟ ಸೊಸೆಗಿಂತ ಅತ್ತೆಗೇ ಹೆಚ್ಚಿತ್ತು.

ಕೆನೆಯಿಲ್ಲದ ಹಾಲು ಕೂಸಿಗೆ ರುಚಿಸುತ್ತಿಲ್ಲ ಎಂದು ಆಕೆ ತೀರ್ಮಾನಿಸಿಯಾಗಿತ್ತು. ಅದಕ್ಕೇ ಅಂಟಿನುಂಡಿ ಕಟ್ಟಿದಳು, ಅಳವಿ ಪಾಯಸ ಕುದಿಸಿದಳು, ಒಲ್ಲೆ ಎಂದರೂ ಬಿಡದೆ ತಿನ್ನಿಸಿದಳು. ಸೊಸೆಯ ಚೂಡಿದಾರ ಬಿಗಿಯಾಯಿತೇ ಹೊರತು ಹಾಲಿಗೆ ಕೆನೆ ಬರಲಿಲ್ಲ.

ಶನಿವಾರ ಆಫೀಸಿನಲ್ಲಿ ಹೆಚ್ಚು ಕೆಲಸವಿರಲಿಲ್ಲ. ದಿಲನಾಜ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಕೂಸು ಜೋಲಿಯಲ್ಲಿತ್ತು. ಅಡುಗೆಮನೆಯಲ್ಲಿ ಮುಮ್ತಾಜಬಿ ಒಂದು ಸಣ್ಣ ಪಾತ್ರೆಯನ್ನು ದಿಟ್ಟಿಸುತ್ತ ಒಲೆಯ ಮುಂದೆ ನಿಂತಿದ್ದಳು.

"ಏನ್ ಕಾಸಾಕತ್ತೀರಿ ಅಮ್ಮೀ?"

"ನಿನ್ನ ಹಾಲು ಬೇಟಿ. ಎರಡು ಉಕ್ಕು ಬಂತು, ಇನ್ನೊಂದು ಬಂದ್ರ ಇಳಸ್ತೇನಿ."

"ಕುದಸ್ತೀರಾ? ದಿನಾನೂ?"

"ಮತ್ತ? ಹಸೀ ಹಾಲು ಕೂಸಿಗೆ ಹಾಕ್ತಾರೇನು? ಅದೂ ಹಾವೇರಿಯಿಂದ ಬಂದ ಹಾಲು!"

ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿರಿ ಎಂದು ದಿಲನಾಜ ಹೇಳಿದ್ದು ಹೌದು. ಅತ್ತೆ ಹೂಂ ಅಂದದ್ದೂ ಹೌದು. ಆದರೆ ಆ ಮನೆಯ ಹೊಸ್ತಿಲು ದಾಟಿದ ಯಾವ ಹಾಲೂ ಇಲ್ಲಿಯವರೆಗೆ ಒಲೆ ತಪ್ಪಿಸಿಕೊಂಡಿರಲಿಲ್ಲ. ಟೈಪು ಮಾಡುವ ಹುಡುಗಿ, ಅಡುಗೆಮನೆಯ ಕೆಲಸ ಏನು ಬಲ್ಲಳು ಎಂದುಕೊಂಡು ಮುಮ್ತಾಜಬಿ ತನ್ನ ಪಾಡಿಗೆ ತಾನು ಕುದಿಸುತ್ತಿದ್ದಳು. ಇಷ್ಟಾದ ಮೇಲೆ ಒಳಗಿದ್ದದ್ದೂ ಹೊರಗೆ ಬಂತು.

"ಖರೇ ಹೇಳ್ತೇನಿ, ಸಿಟ್ಟಾಗಬ್ಯಾಡ. ಎಷ್ಟ ಕುದಿಸಿದ್ರೂ ನಿನ್ನ ಹಾಲಿಗೆ ಕೆನೀನ ಬರಂಗಿಲ್ಲ."

ದಿಲನಾಜ ಅಲ್ಲೇ ನೆಲಕ್ಕೆ ಕುಸಿದು ಕುಳಿತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮುಮ್ತಾಜಬಿಗೆ ತಿಳಿಯಲಿಲ್ಲ.

"ಅಮ್ಮೀ, ನನ್ನ ಎದಿಯಾಗಿಂದ ಕುಡಿಯೂವಾಗ ಆಕಿಗೆ ಯಾರು ಕುದಿಸಿ ಕೊಡ್ತಾರ್ರಿ?"

ಮುಮ್ತಾಜಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ತೌಬಾ ತೌಬಾ! ಹನ್ನೆರಡು ದಿನ! ಕೂಸಿನ್ನ ಉಪವಾಸ ಕೆಡವಿದಾಕಿ ನಾನಽ ಆದ್ನಲ್ಲೋ ಅಲ್ಲಾ!"

ದಿಲನಾಜ ಎದ್ದು ಒಲೆ ಆರಿಸಿದಳು. ಫ್ರಿಜ್ಜಿನಿಂದ ಇನ್ನೊಂದು ಬಾಟಲಿ ತೆಗೆದು ಅತ್ತೆಯ ಕೈಗಿಟ್ಟಳು.

"ಅಳಬ್ಯಾಡ್ರಿ. ಇದನ್ನ ನೀವಽ ಕುಡಸ್ರಿ. ನಾನು ಹೊರಗ ಕುಂದರ್ತೇನಿ, ನನ್ನ ವಾಸನಿ ಬಂದ್ರ ಆಕಿ ಒಳಲಿ ಮುಟ್ಟಂಗಿಲ್ಲ." ಹೀಗೆಂದು ಹೊರಗಿನ ಕಟ್ಟೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಬಿಸಿನೀರಿನ ಬೋಗುಣಿಯಲ್ಲಿ ಬಾಟಲಿ ಬೆಚ್ಚಗಾಯಿತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮುಮ್ತಾಜಬಿ ಒಳಲೆ ಹಿಡಿದಳು. ಕೂಸು ರೂಢಿಯಂತೆ ಮುಖ ಕಿವುಚಿತು. ನಾಲಗೆಯ ತುದಿಗೆ ಒಂದು ಹನಿ ತಾಗಿತು. ಅಜ್ಜಿಯನ್ನೇ ನೋಡುತ್ತ ಚಪ್ಪರಿಸಿತು. ಆಮೇಲೆ ಗುಟುಕು, ಅದರ ಹಿಂದೆ ಇನ್ನೊಂದು ಗುಟುಕು. ಬರಬರುತ್ತ ಒಳಲೆಯನ್ನೇ ಎರಡು ಕೈಯಲ್ಲಿ ಹಿಡಿದು ಎಳೆಯತೊಡಗಿತು.

"ಕುಡದ್ಲೇನ್ರಿ ಅಮ್ಮೀ?" ಹೊರಗಿನಿಂದ ದಿಲನಾಜ ಕೇಳಿದಳು.

ಮುಮ್ತಾಜಬಿ ಬಾಟಲಿಯಿಂದ ಒಳಲೆಗೆ ಮತ್ತಷ್ಟು ಹಾಲು ಸುರಿದಳು.

"ಅಮ್ಮೀ?"

ಕೊನೆಯ ಹನಿಯೂ ಮುಗಿದ ಮೇಲೆ ಮುಮ್ತಾಜಬಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಬಾಗಿಲು ತೆರೆದು, ಖಾಲಿ ಬಾಟಲಿಯನ್ನು ಸೊಸೆಯ ಮಡಿಲಿಗೆ ಹಾಕಿದಳು.

"ಸೋಮವಾರ ಹೋಗೂವಾಗ ಇನ್ನೊಂದು ಬಾಟ್ಲಿ ಹೆಚ್ಚಿಗಿ ಒಯ್ಯಿ. ಇಷ್ಟು ಸಾಲಂಗಿಲ್ಲ ನಿನ್ನ ಮಗಳಿಗೆ."